ಪಾತಾಳಗರಡಿ ಇಲ್ಲದ ಬಾವಿ

ಲ್ಯಾಪ್‌ಟಾಪ್ ರಿವ್ಯೂ ಬರೆಯುವವರು ಏನೇನೆಲ್ಲ ಅಳೆಯುತ್ತಾರೆ ನೋಡಿ. ಬ್ಯಾಟರಿ ಎಷ್ಟು ಗಂಟೆ ಬರುತ್ತೆ, ಸ್ಕ್ರೀನ್ ಬಿಸಿಲಲ್ಲಿ ಕಾಣುತ್ತಾ, ಫ್ಯಾನ್ ಎಷ್ಟು ಸದ್ದು ಮಾಡುತ್ತೆ, ಕೀಬೋರ್ಡ್ ಒತ್ತಿದರೆ ಬೆರಳಿಗೆ ಹೇಗನ್ನಿಸುತ್ತೆ. ಎಲ್ಲಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ಇದು ಬಿದ್ದರೆ ಮತ್ತೆ ಏಳುತ್ತಾ?

ಬೀಳುವುದು ಅಂದರೆ ಮೇಜಿನ ಮೇಲಿಂದ ನೆಲಕ್ಕಲ್ಲ. ಫರ್ಮ್‌ವೇರ್ ಅಪ್‌ಡೇಟ್ ಅರ್ಧಕ್ಕೆ ಕೆಟ್ಟು ಸ್ಕ್ರೀನ್ ಕಪ್ಪಾಗಿ ನಿಂತರೆ? ಬಯೋಸ್ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದೆ ಹೋದರೆ? ದುಡ್ಡು ಕೊಟ್ಟು ಕೊಂಡವನು ವಾಪಸ್ ಒಳಗೆ ಹೋಗೋಕೆ ಕಂಪನಿ ಒಂದು ದಾರಿ ಇಟ್ಟಿದೆಯಾ? ಆ ದಾರಿ ಹಾಸನದ ಹಾಸ್ಟೆಲ್ ರೂಮಿನಲ್ಲಿ ಕೂತ ಹುಡುಗನಿಗೂ ಸಿಗುತ್ತಾ, ಇಲ್ಲ ವಾರಂಟಿ ಇರುವವರಿಗೆ ಮಾತ್ರವಾ? ಈ ಬರಹ ಅಷ್ಟಕ್ಕೇ ಮೀಸಲು. ಅದನ್ನೂ ಒಂದು ವಿನ್ಯಾಸ ಅಂತಲೇ ನೋಡೋಣ. ಸಿನಿಮಾ ನೋಡಿ ಬಂದು ಮಾತಾಡುವ ಹಾಗೆ, ಚೆನ್ನಾಗಿರೋದನ್ನ ಚೆನ್ನಾಗಿದೆ ಅನ್ನೋಣ, ಕೆಟ್ಟದ್ದನ್ನ ಕೆಟ್ಟದ್ದು ಅನ್ನೋಣ.

ಮೊದಲು ಬೀಳುವ ವಸ್ತು ಯಾವುದು ಅಂತ ತಿಳಿದುಕೊಳ್ಳೋಣ. ಮದರ್‌ಬೋರ್ಡ್ ಮೇಲೆ ಎಂಟು ಕಾಲಿನ ಒಂದು ಪುಟ್ಟ ಚಿಪ್ ಇರುತ್ತೆ, ತೊಗರಿಕಾಳಿನಷ್ಟು ಗಾತ್ರ. ಫ್ಲಾಶ್ ಮೆಮೊರಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ 16 ಅಥವಾ 32 ಎಂಬಿ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಬರುವ ಮದುವೆ ವಿಡಿಯೋ ಇದಕ್ಕಿಂತ ದೊಡ್ಡದಿರುತ್ತೆ. ಪವರ್ ಬಟನ್ ಒತ್ತಿದಾಗ ಪ್ರೊಸೆಸರ್ ತನ್ನ ಮೊದಲ ಪಾಠ ಓದುವುದು ಇಲ್ಲಿಂದಲೇ. ಮೆಮೊರಿಯನ್ನು ಎಬ್ಬಿಸುವುದು, ಸ್ಕ್ರೀನ್ ಹಚ್ಚುವುದು, ಎಸ್‌ಎಸ್‌ಡಿ ಎಲ್ಲಿದೆ ಅಂತ ಹುಡುಕಿ ವಿಂಡೋಸಿಗೋ ಲಿನಕ್ಸಿಗೋ ಕೆಲಸ ಒಪ್ಪಿಸುವುದು, ಎಲ್ಲ ಇದರದ್ದೇ. 1981ರ ಐಬಿಎಂ ಪಿಸಿಯಲ್ಲಿ ಬಯೋಸ್ ಬರೀ 8 ಕೆಬಿ ಇತ್ತು, ಅದೂ ಓದೋಕೆ ಮಾತ್ರ ಬರುವ ಚಿಪ್‌ನಲ್ಲಿ. ಬರೆಯೋಕೆ ಆಗದ್ದು ಕೆಡೋದೂ ಕಷ್ಟ. ಆಮೇಲೆ ಫ್ಲಾಶ್ ಬಂತು, ಫ್ಲಾಶ್ ಜೊತೆ ಅಪ್‌ಡೇಟ್ ಬಂತು, ಅಪ್‌ಡೇಟ್ ಜೊತೆ ಬೀಳುವ ಕಾಯಿಲೆಯೂ ಬಂತು. ಈಗಿನದಕ್ಕೆ ಯುಇಎಫ್ಐ ಅಂತ ಹೆಸರು. ಜನ ಇನ್ನೂ ಬಯೋಸ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೀತೀನಿ.

ಫ್ಲಾಶ್‌ಗೆ ಒಂದು ಗುಣ ಇದೆ. ಹಳೆಯದರ ಮೇಲೆ ನೇರವಾಗಿ ಹೊಸದನ್ನು ಬರೆಯೋಕಾಗಲ್ಲ. ಒಂದೊಂದು ಬ್ಲಾಕನ್ನೂ ಮೊದಲು ಅಳಿಸಬೇಕು, ಆಮೇಲೆ ಬರೆಯಬೇಕು. ಸ್ಲೇಟು ಒರೆಸಿ ಬರೆದ ಹಾಗೆ. ಒರೆಸಿ ಆಗಿದೆ, ಬರೆಯೋದು ಬಾಕಿ ಇದೆ, ಅಷ್ಟರಲ್ಲಿ ಕರೆಂಟ್ ಹೋಯಿತು ಅಂದುಕೊಳ್ಳಿ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಮುಂದಿನ ಸಲ ಬಟನ್ ಒತ್ತಿದರೆ ಪ್ರೊಸೆಸರ್‌ಗೆ ಓದೋಕೆ ಪಾಠವೇ ಇಲ್ಲ. ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುತ್ತೆ. ಇದನ್ನೇ ‘ಬ್ರಿಕ್ ಆಯ್ತು’ ಅನ್ನೋದು. ಐವತ್ತು ಸಾವಿರದ ಯಂತ್ರ ಇಟ್ಟಿಗೆಯಾಯಿತು.

ಇದನ್ನು ತಡೆಯೋಕೆ ಬಹುತೇಕ ಕಂಪನಿಗಳು ಮಾಡಿರುವುದು ಏನು? ಒಂದು ಸಾಲಿನ ಎಚ್ಚರಿಕೆ. ಅಪ್‌ಡೇಟ್ ನಡೆಯುವಾಗ ಕಂಪ್ಯೂಟರ್ ಆಫ್ ಮಾಡಬೇಡಿ, ಚಾರ್ಜರ್ ಕೀಳಬೇಡಿ. ಈ ಸಾಲನ್ನು ಒಂದು ಪಠ್ಯ ಅಂತ ಓದಿ ನೋಡಿ. ಇದು ವಿನ್ಯಾಸವಲ್ಲ, ಅಪ್ಪಣೆ. ಜವಾಬ್ದಾರಿಯನ್ನು ನಯವಾಗಿ ನಿಮ್ಮ ತಲೆಗೆ ಕಟ್ಟುವ ಸಾಲು. ಆಫ್ ಮಾಡಬೇಡಿ ಅಂತ ನನಗೆ ಹೇಳಬಹುದು, ನಮ್ಮೂರಿನ ಟ್ರಾನ್ಸ್‌ಫಾರ್ಮರ್‌ಗೆ ಯಾರು ಹೇಳುತ್ತಾರೆ? ಬ್ಯಾಟರಿ ಇದೆಯಲ್ಲ, ಅದೇ ಯುಪಿಎಸ್ ಅಂತ ಕಂಪನಿಯವರ ಲೆಕ್ಕ. ಅಪ್‌ಡೇಟ್ ಟೂಲ್‌ಗಳು ಚಾರ್ಜರ್ ಹಾಕಿದೆಯಾ, ಬ್ಯಾಟರಿಯಲ್ಲಿ ಇಂತಿಷ್ಟು ಉಳಿದಿದೆಯಾ ಅಂತ ನೋಡಿಯೇ ಮುಂದೆ ಹೋಗುತ್ತವೆ. ಹೊಸ ಲ್ಯಾಪ್‌ಟಾಪ್‌ಗೆ ಈ ಲೆಕ್ಕ ಸರಿ. ಆದರೆ ಐದು ವರ್ಷ ಹಳೆಯ ಯಂತ್ರದಲ್ಲಿ ಬ್ಯಾಟರಿ 80 ಪರ್ಸೆಂಟ್ ಅಂತ ತೋರಿಸಿ ಎರಡು ನಿಮಿಷದಲ್ಲಿ ಸಾಯುತ್ತೆ. ಅಂಥ ಯಂತ್ರಗಳು ಎಲ್ಲಿರುತ್ತವೆ? ಕರೆಂಟ್ ಹೋಗುವ ಊರುಗಳಲ್ಲೇ. ಇನ್ನು ಈಗ ಫರ್ಮ್‌ವೇರ್ ಅಪ್‌ಡೇಟ್ ವಿಂಡೋಸ್ ಅಪ್‌ಡೇಟ್ ಜೊತೆ ಸೇರಿಕೊಂಡೇ ಬರುತ್ತೆ. ಬಳಸುವವನು ಹುಡುಕಿಕೊಂಡು ಹೋಗಿ ಹಾಕಿದ್ದೂ ಅಲ್ಲ. ರೀಸ್ಟಾರ್ಟ್ ಒತ್ತಿದ, ಅಷ್ಟೇ.

ನಮ್ಮಂಥವರ ಆಫೀಸಿನಲ್ಲಿ ಹೀಗೆ ನಡೆಯುತ್ತಾ? ವೆಬ್‌ಸೈಟಿನ ಒಂದು ಬಟನ್ ಬಣ್ಣ ಬದಲಾಯಿಸೋಕೂ ರೋಲ್‌ಬ್ಯಾಕ್ ಪ್ಲಾನ್ ಎಲ್ಲಿ ಅಂತ ಕೇಳುತ್ತಾರೆ. ಪ್ಲಾನ್ ಇಲ್ಲ ಅಂದರೆ ಅಪ್ರೂವಲ್ ಇಲ್ಲ. ಡಿಪ್ಲಾಯ್‌ಮೆಂಟ್ ಕಾಲ್‌ನಲ್ಲಿ ‘ಕೆಟ್ಟರೆ ಸರ್ವರ್ ಎಸೆದು ಹೊಸದು ತರೋಣ’ ಅಂತ ಯಾರಾದರೂ ಹೇಳಿದರೆ ಮ್ಯಾನೇಜರ್ ಮುಖ ಹೇಗಾಗುತ್ತೆ ಯೋಚನೆ ಮಾಡಿ. ಆದರೆ ಅದೇ ಮ್ಯಾನೇಜರ್ ಕೈಯಲ್ಲಿರುವ ಲ್ಯಾಪ್‌ಟಾಪಿನ ಫರ್ಮ್‌ವೇರ್‌ಗೆ ಎಷ್ಟೋ ಮಾಡೆಲ್‌ಗಳಲ್ಲಿ ಇರುವ ರೋಲ್‌ಬ್ಯಾಕ್ ಪ್ಲಾನ್ ಅದೇ.

ಗೊತ್ತಿರಲಿಲ್ಲ ಅಂತ ಹೇಳುವ ಹಾಗೂ ಇಲ್ಲ. 1998ರಲ್ಲಿ ತೈವಾನಿನ ಒಬ್ಬ ವಿದ್ಯಾರ್ಥಿ ಬರೆದ ಸಿಐಎಚ್ ವೈರಸ್, 1999ರ ಏಪ್ರಿಲ್ 26ರಂದು ಎದ್ದು ಕಂಪ್ಯೂಟರುಗಳ ಬಯೋಸ್ ಚಿಪ್‌ನಲ್ಲೇ ಕಸ ತುಂಬಿತು. ಚೆರ್ನೋಬಿಲ್ ವೈರಸ್ ಅಂತ ಹೆಸರು ಬಂದದ್ದು ಆ ತಾರೀಖಿನಿಂದ. ಫ್ಲಾಶ್‌ನಲ್ಲಿ ಬರೆಯೋಕೆ ಯಾರಿಗೆ ಬೇಕಾದರೂ ಬಿಟ್ಟರೆ ಏನಾಗುತ್ತೆ ಅಂತ ಜಗತ್ತಿಗೆ ಅಂದೇ ತಿಳಿಯಿತು. ಕಂಪನಿಗಳು ಪಾಠ ಕಲಿತವು, ಆದರೆ ಅರ್ಧ ಪಾಠ. ಬೀಗ ಗಟ್ಟಿ ಮಾಡಿದವು. ಬಿದ್ದವನನ್ನು ಎತ್ತುವ ಕೆಲಸ ಮಾತ್ರ ಎಷ್ಟೋ ಕಡೆ ಹಿಂದೆ ಉಳಿಯಿತು.

ನಾನು ಹಳ್ಳಿಯಲ್ಲಿ ಬೆಳೆದವನು. ಸೇದುವ ಬಾವಿ ನೋಡಿದವರಿಗೆ ಪಾತಾಳಗರಡಿ ಗೊತ್ತಿರುತ್ತೆ. ಬಿಂದಿಗೆಯೋ ಬಕೆಟ್ಟೋ ಹಗ್ಗ ಕಡಿದು ಬಾವಿಗೆ ಬಿದ್ದರೆ ಎತ್ತೋಕೆ ಇರುವ ಕೊಕ್ಕೆಗಳ ಗೊಂಚಲು. ನಮ್ಮ ಬೀದಿಗೆಲ್ಲ ಒಂದೇ ಇತ್ತು, ಒಬ್ಬರ ಮನೆಯ ಅಟ್ಟದ ಮೇಲೆ. ಯಾರು ಕೇಳಿದರೂ ಕೊಡೋರು. ಬಿಂದಿಗೆ ಬೀಳಿಸಿದ ಹೆಂಗಸಿಗೆ ಯಾರೂ ‘ಬೀಳಿಸಬಾರದು ಅಂತ ಹೇಳಿರಲಿಲ್ವಾ’ ಅಂತ ನೋಟಿಸ್ ತೋರಿಸುತ್ತಿರಲಿಲ್ಲ. ಹೊಸ ಬಾವಿ ತೋಡಿಸಿಕೊಳ್ಳಿ ಅಂತಂತೂ ಹೇಳುತ್ತಿರಲಿಲ್ಲ. ಬೀಳುವುದು ಇದ್ದದ್ದೇ, ಎತ್ತುವ ಸಾಧನ ಹತ್ತಿರ ಇರಬೇಕು ಅನ್ನುವುದು ಬಾವಿ ತೋಡಿದವರಿಗೇ ಗೊತ್ತಿತ್ತು.

ಫರ್ಮ್‌ವೇರ್ ಲೋಕದಲ್ಲೂ ಪಾತಾಳಗರಡಿ ಮಾಡಿದವರಿದ್ದಾರೆ. ಬೂಟ್ ಬ್ಲಾಕ್ ಅನ್ನುವ ಒಂದು ಸಣ್ಣ ಭಾಗವನ್ನು ಅಪ್‌ಡೇಟ್ ಮುಟ್ಟದ ಹಾಗೆ ಕಾಪಾಡುವುದು ಹಳೆಯ ಉಪಾಯ. ಉಳಿದದ್ದೆಲ್ಲ ಹಾಳಾದರೂ ಈ ಭಾಗ ಎದ್ದು ಪೆನ್‌ಡ್ರೈವ್‌ನಿಂದ ಒಳ್ಳೆಯ ಪ್ರತಿಯನ್ನು ಓದಿಕೊಳ್ಳುತ್ತೆ. ಎಚ್‌ಪಿಯ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಕೀ ಮತ್ತು ಬಿ ಕೀ ಒಟ್ಟಿಗೆ ಹಿಡಿದು ಪವರ್ ಬಟನ್ ಒತ್ತಿದರೆ ಈ ದಾರಿ ತೆರೆಯುತ್ತೆ. ಡೆಲ್‌ನ ಹಲವು ಮಾಡೆಲ್‌ಗಳಲ್ಲಿ ಚಾರ್ಜರ್ ಕಿತ್ತು, ಕಂಟ್ರೋಲ್ ಮತ್ತು ಎಸ್ಕೇಪ್ ಹಿಡಿದುಕೊಂಡು, ಮತ್ತೆ ಚಾರ್ಜರ್ ಸಿಕ್ಕಿಸಬೇಕು. ಡೆಲ್‌ನದು ಡಿಸ್ಕಿನಲ್ಲೇ ಒಂದು ಪ್ರತಿ ಇಟ್ಟುಕೊಂಡಿರುತ್ತೆ ಅನ್ನುವುದು ಹೆಚ್ಚಿನ ಒಳ್ಳೆಯ ಮಾತು.

ಅಂಕ ಕೊಡಬೇಕಾದರೆ ಇವೆರಡಕ್ಕೂ ಪಾಸ್ ಮಾರ್ಕ್ಸ್ ಕೊಡ್ತೀನಿ. ಆದರೆ ಫಸ್ಟ್ ಕ್ಲಾಸ್ ಇಲ್ಲ. ಯಾಕೆ ಅಂದರೆ, ಈ ಕೀಗಳ ಗುಟ್ಟು ಯಂತ್ರದ ಮೇಲೆ ಎಲ್ಲೂ ಬರೆದಿಲ್ಲ. ಸ್ಕ್ರೀನ್ ಕಪ್ಪಾಗಿರುವಾಗ ಅದು ಹೇಳೋಕೂ ಆಗಲ್ಲ. ಲ್ಯಾಪ್‌ಟಾಪಿನ ತಳದಲ್ಲಿ ಹತ್ತು ದೇಶಗಳ ಸರ್ಟಿಫಿಕೇಟ್ ಮುದ್ರೆ ಹಾಕೋಕೆ ಜಾಗ ಇದೆ, ಎರಡು ಕೀ ಹೆಸರು ಬರೆಯೋಕೆ ಜಾಗ ಇಲ್ಲ. ಇನ್ನೊಂದು, ಪೆನ್‌ಡ್ರೈವ್ ತಯಾರು ಮಾಡೋಕೆ ಇನ್ನೊಂದು ಕಂಪ್ಯೂಟರ್ ಬೇಕು. ಆಪಲ್‌ನವರದ್ದು ಇದರ ಮುಂದಿನ ಹೆಜ್ಜೆ. ಅವರ ಎಂ ಸರಣಿಯ ಮ್ಯಾಕ್‌ನಲ್ಲಿ ಫರ್ಮ್‌ವೇರ್ ಕೆಟ್ಟರೆ ಡೇಟಾ ಅಳಿಸದೆ ಎಬ್ಬಿಸುವ ವಿಧಾನ ಇದೆ, ಅದನ್ನು ಎಲ್ಲರೂ ಓದುವ ಹಾಗೆ ಪ್ರಕಟಿಸಿಯೂ ಇದ್ದಾರೆ. ವಿಧಾನ ಸೊಗಸಾಗಿದೆ. ಆದರೆ ಅದಕ್ಕೆ ಇನ್ನೊಂದು ಮ್ಯಾಕ್ ಬೇಕು. ಕೋರಮಂಗಲದಲ್ಲಿ ಪಕ್ಕದ ಫ್ಲ್ಯಾಟಿನಲ್ಲೇ ಸಿಗಬಹುದು. ಅರಕಲಗೂಡಿನಲ್ಲಿ?

ನನ್ನ ಪ್ರಕಾರ ಅಪ್‌ಡೇಟ್ ವಿಷಯದಲ್ಲಿ ಮೊದಲ ಬಹುಮಾನ ಕ್ರೋಮ್‌ಬುಕ್‌ಗೆ. ಅಗ್ಗದ ಯಂತ್ರ ಅಂತ ನಾವು ಮೂಗು ಮುರಿಯುವ ಅದೇ ಕ್ರೋಮ್‌ಬುಕ್. ಅದರ ಚಿಪ್‌ನಲ್ಲಿ ಮುಟ್ಟಲಾಗದ ಒಂದು ಭಾಗ, ಬರೆಯಬಹುದಾದ ಎ ಮತ್ತು ಬಿ ಎಂಬ ಎರಡು ಭಾಗ. ಒಂದರಿಂದ ಕೆಲಸ ನಡೆಯುತ್ತಿರುವಾಗ ಹೊಸದು ಇನ್ನೊಂದರಲ್ಲಿ ಕೂರುತ್ತೆ. ಹೊಸದು ಎದ್ದೇಳದಿದ್ದರೆ ಹಳೆಯದು ಇದೆ, ಎರಡೂ ಕೆಟ್ಟರೆ ಮುಟ್ಟದ ಭಾಗ ಇದೆ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಹೋಗಲಿ ಅನ್ನುವ ಧೈರ್ಯ ಆ ವಿನ್ಯಾಸದಲ್ಲಿದೆ. ಇದಕ್ಕೆ ಬೇಕಾದ ಹೆಚ್ಚಿನ ಜಾಗ ಕೆಲವು ಎಂಬಿ. ಖರ್ಚಿನ ಪ್ರಶ್ನೆಯೇ ಅಲ್ಲ, ಗಮನದ ಪ್ರಶ್ನೆ.

ಬಳಕೆದಾರನೇ ಏನೋ ಎಡವಟ್ಟು ಮಾಡಿರುತ್ತಾನೆ ಅನ್ನುವ ವಾದ ಬರುತ್ತೆ. ದಾಖಲೆ ಬೇರೆ ಹೇಳುತ್ತೆ. 2013ರಲ್ಲಿ ಕೆಲವು ಸ್ಯಾಮ್‌ಸಂಗ್ ಲ್ಯಾಪ್‌ಟಾಪ್‌ಗಳು ಲಿನಕ್ಸ್ ಬೂಟ್ ಮಾಡಿದ್ದಕ್ಕೇ ಸತ್ತವು. ಲಿನಕ್ಸ್‌ನದ್ದೇ ತಪ್ಪು ಅಂತ ಮೊದಲು ಎಲ್ಲರೂ ಅಂದರು. ಆಮೇಲೆ ಮ್ಯಾಥ್ಯೂ ಗ್ಯಾರೆಟ್ ಎಂಬ ಡೆವಲಪರ್, ಫರ್ಮ್‌ವೇರ್‌ನ ಸೆಟ್ಟಿಂಗ್ ಜಾಗ ತುಂಬಿಸಿದರೆ ವಿಂಡೋಸ್‌ನಿಂದಲೂ ಅದೇ ಗತಿ ಅಂತ ತೋರಿಸಿಕೊಟ್ಟರು. 2017ರ ಡಿಸೆಂಬರ್‌ನಲ್ಲಿ ಉಬುಂಟು 17.10 ಹಾಕಿದ ಹಲವು ಲೆನೋವೊ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ ಸೆಟ್ಟಿಂಗ್ ಉಳಿಸೋಕೇ ಆಗದೆ ಹೋಯಿತು. ಒಂದು ಡ್ರೈವರ್ ಫ್ಲಾಶ್ ಚಿಪ್ ಮೇಲೆ ಕೈ ಹಾಕಿತ್ತು. ಕ್ಯಾನೊನಿಕಲ್ ಆ ಡೌನ್‌ಲೋಡನ್ನೇ ಹಿಂದಕ್ಕೆ ತೆಗೆದುಕೊಂಡು, ಸರಿಪಡಿಸಿದ ಪ್ರತಿಯನ್ನು ಮುಂದಿನ ತಿಂಗಳು ಕೊಟ್ಟಿತು. 2024ರಲ್ಲಿ ಎಚ್‌ಪಿಯ ಪ್ರೊಬುಕ್ 455 ಜಿ7 ಬಳಸುವವರು, ಬಯೋಸ್ ಅಪ್‌ಡೇಟ್ ಆದ ಮೇಲೆ ಯಂತ್ರ ಏಳುತ್ತಲೇ ಇಲ್ಲ ಅಂತ ದೂರಿದರು. ಈ ಮೂರರಲ್ಲಿ ಚಾರ್ಜರ್ ಕಿತ್ತವನು ಎಲ್ಲಿದ್ದಾನೆ?

ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2018ರಲ್ಲಿ ಇದಕ್ಕೆಂದೇ ಒಂದು ಮಾರ್ಗಸೂಚಿ ತಂದಿತು, 800-193 ಅದರ ಸಂಖ್ಯೆ. ಫರ್ಮ್‌ವೇರ್‌ಗೆ ಮೂರು ಗುಣ ಇರಬೇಕು ಅಂತ ಅದರ ಸಾರ: ಕಾಪಾಡುವುದು, ಕೆಟ್ಟಿದ್ದನ್ನು ಪತ್ತೆ ಹಚ್ಚುವುದು, ಮತ್ತೆ ಚೇತರಿಸಿಕೊಳ್ಳುವುದು. ಚೇತರಿಕೆಯೂ ಭದ್ರತೆಯ ಭಾಗವೇ ಅನ್ನುವುದು ಅಲ್ಲಿನ ಮುಖ್ಯ ಮಾತು. ಇದನ್ನು ನೆನಪಿಟ್ಟುಕೊಳ್ಳಿ, ಪಾಸ್‌ವರ್ಡಿನ ಕತೆಗೆ ಬೇಕಾಗುತ್ತೆ.

ಬಯೋಸ್ ಪಾಸ್‌ವರ್ಡಿಗೆ ಮೂರು ತಲೆಮಾರು. ಮೊದಲನೆಯದು ಹಳೇ ಡೆಸ್ಕ್‌ಟಾಪ್‌ಗಳದ್ದು. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಪಾಸ್‌ವರ್ಡ್ ಮಾಯ. ಅಂಗಳದ ಗೇಟಿನ ಚಿಲಕದ ಹಾಗೆ, ದನ ಒಳಗೆ ಬರದಿದ್ದರೆ ಸಾಕು. ಎರಡನೆಯದು ತಮಾಷೆಯದು. ಮೂರು ಸಲ ತಪ್ಪು ಪಾಸ್‌ವರ್ಡ್ ಹೊಡೆದರೆ ‘ಸಿಸ್ಟಂ ಡಿಸೇಬಲ್ಡ್’ ಅಂತ ಬಂದು ಒಂದು ಸಂಖ್ಯೆ ತೋರಿಸುತ್ತಿತ್ತು. ಆ ಸಂಖ್ಯೆಯನ್ನು ಒಂದು ಲೆಕ್ಕಕ್ಕೆ ಕೊಟ್ಟರೆ ಮಾಸ್ಟರ್ ಪಾಸ್‌ವರ್ಡ್ ಹೊರಬರುತ್ತೆ. ಕೆಲವು ಡೆಲ್ ಮಾಡೆಲ್‌ಗಳಲ್ಲಿ ಯಂತ್ರದ ತಳದಲ್ಲೇ ಬರೆದಿರುವ ಸರ್ವಿಸ್ ಟ್ಯಾಗೇ ಆ ಲೆಕ್ಕದ ಮೂಲ. ಆ ಲೆಕ್ಕಗಳನ್ನು ಜನ ಬಿಡಿಸಿ ಎಲ್ಲರಿಗೂ ಸಿಗುವ ಹಾಗೆ ಮಾಡಿ ಎಷ್ಟೋ ವರ್ಷ ಆಯಿತು. ಅಂದರೆ ಕೀಲಿಕೈಯನ್ನು ಬಾಗಿಲ ಮೇಲೇ ತೂಗುಹಾಕಿ, ಇದು ಕೀಲಿಕೈ ಅಂತ ಯಾರಿಗೂ ಹೇಳಬೇಡಿ ಅಂದ ಹಾಗೆ. ಕಳ್ಳನಿಗೆ ಗೊತ್ತು, ಮಾಲೀಕನಿಗೆ ಗೊತ್ತಿಲ್ಲ.

ಮೂರನೆಯದು ಈಗಿನದು. ಪಾಸ್‌ವರ್ಡ್ ಬ್ಯಾಟರಿ ತೆಗೆದರೂ ಹೋಗದ ಜಾಗದಲ್ಲಿರುತ್ತೆ. ಥಿಂಕ್‌ಪ್ಯಾಡಿನ ಕೈಪಿಡಿ ಓದಿ: ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಅದನ್ನು ತೆಗೆಯುವ ಸರ್ವಿಸ್ ವಿಧಾನವೇ ಇಲ್ಲ, ಖರೀದಿಯ ದಾಖಲೆ ತಂದು ಮದರ್‌ಬೋರ್ಡ್ ಬದಲಾಯಿಸಿಕೊಳ್ಳಬೇಕು ಅಂತ ಹೇಳುತ್ತೆ. ಮುಚ್ಚುಮರೆ ಇಲ್ಲದೆ ಹೇಳಿದ್ದಕ್ಕೆ ಒಂದು ಅಂಕ ಜಾಸ್ತಿ ಕೊಡೋಣ. ಆದರೆ ಪರಿಹಾರ ನೋಡಿ. ನೆಗಡಿ ಬಂತು ಅಂತ ಮೂಗು ಕೊಯ್ಯುವುದು ಅಂದರೆ ಇದೇ. ಪ್ರೊಸೆಸರ್ ಚೆನ್ನಾಗಿದೆ, ಮೆಮೊರಿ ಚೆನ್ನಾಗಿದೆ, ಎಲ್ಲ ಒಂದೇ ಬೋರ್ಡಿಗೆ ಬೆಸೆದಿದೆ. ಎಂಟು ಹತ್ತು ಅಕ್ಷರ ಮರೆತದ್ದಕ್ಕೆ ಅಷ್ಟೂ ಕಸ.

ಮರೆಯೋದು ಯಾರು? ಇಲ್ಲಿ ನಮ್ಮ ನಿಮ್ಮ ವಿಷಯಕ್ಕೆ ಬರೋಣ. ಬೆಂಗಳೂರಿನ ಐಟಿ ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್ ಬದಲಾಯಿಸುತ್ತವೆ. ಹಳೆಯವು ಲಾಟ್‌ಗಟ್ಟಲೆ ವೆಂಡರ್‌ಗೆ ಹೋಗಿ, ಅಲ್ಲಿಂದ ಎಸ್‌ಪಿ ರೋಡ್‌ನಂಥ ಕಡೆಗೆ ಹೋಗಿ, ಒರೆಸಿ, ಎಸ್‌ಎಸ್‌ಡಿ ಹಾಕಿ, ಜಿಲ್ಲೆ ತಾಲ್ಲೂಕುಗಳ ಅಂಗಡಿ ಸೇರುತ್ತವೆ. ಡಿಪ್ಲೊಮಾ, ಐಟಿಐ, ಬಿಸಿಎ ಓದುವ ಎಷ್ಟೋ ಹುಡುಗರ ಮೊದಲ ಕಂಪ್ಯೂಟರ್ ಇದೇ. ಡಿಸ್ಕನ್ನು ಕಂಪನಿ ಶಿಸ್ತಾಗಿ ಅಳಿಸಿರುತ್ತೆ, ಅದಕ್ಕೆ ಸರ್ಟಿಫಿಕೇಟ್ ಕೂಡ ತೆಗೆದುಕೊಂಡಿರುತ್ತೆ. ಬಯೋಸ್ ಪಾಸ್‌ವರ್ಡ್ ತೆಗೆಯೋದು ಮಾತ್ರ ಚೆಕ್‌ಲಿಸ್ಟ್‌ನಲ್ಲಿ ಇರಲ್ಲ.

ನನ್ನ ಚಿಕ್ಕಪ್ಪನ ಮಗ ಹಾಸನದಲ್ಲಿ ಡಿಪ್ಲೊಮಾ ಓದುತ್ತಾನೆ. ಅವನು ಕೊಂಡದ್ದು ಅಂಥದ್ದೇ ಒಂದು. ವರ್ಷ ಚೆನ್ನಾಗಿ ಓಡಿತು, ಆಮೇಲೆ ಎಸ್‌ಎಸ್‌ಡಿ ಕೈಕೊಟ್ಟಿತು. ಹೊಸ ಎಸ್‌ಎಸ್‌ಡಿ ತಂದ. ಪೆನ್‌ಡ್ರೈವ್‌ನಿಂದ ಉಬುಂಟು ಹಾಕೋಣ ಅಂದರೆ ಪೆನ್‌ಡ್ರೈವ್‌ನಿಂದ ಬೂಟ್ ಆಗೋದನ್ನ ಹಿಂದಿನ ಕಂಪನಿ ಬಯೋಸ್‌ನಲ್ಲಿ ಬಂದ್ ಮಾಡಿತ್ತು. ಬಿಚ್ಚೋಕೆ ಸೂಪರ್‌ವೈಸರ್ ಪಾಸ್‌ವರ್ಡ್ ಬೇಕು. ಫೋನ್ ಮಾಡಿದ. ‘ಅಣ್ಣಾ, ಮಿಷಿನ್ ಚೆನ್ನಾಗೇ ಐತೆ. ಒಳಕ್ಕೆ ಬಿಡ್ತಾ ಇಲ್ಲ ಅಷ್ಟೇ.’ ಇಡೀ ಸಮಸ್ಯೆಯನ್ನು ಇದಕ್ಕಿಂತ ಚೊಕ್ಕವಾಗಿ ಹೇಳೋಕೆ ನನ್ನಿಂದ ಆಗಲ್ಲ.

ತಯಾರಕರ ಸರ್ವಿಸ್‌ನವರು ಮೊದಲ ಖರೀದಿಯ ಬಿಲ್ ಕೇಳಿದರು. ಮೊದಲ ಖರೀದಿದಾರ ಒಂದು ಕಂಪನಿ, ಅದು ಯಾವುದು ಅಂತ ಇವನಿಗೆ ಹೇಗೆ ಗೊತ್ತು? ಇವನ ಹತ್ತಿರ ಇರೋದು ಅಂಗಡಿಯವನು ಬರೆದುಕೊಟ್ಟ ಚೀಟಿ. ಬೋರ್ಡ್ ಬದಲಾಯಿಸಲು ಅವರು ಹೇಳಿದ ಮೊತ್ತ ಅವನು ಲ್ಯಾಪ್‌ಟಾಪಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಕೊನೆಗೆ ನಾನು ಎಸ್‌ಪಿ ರೋಡ್‌ನ ಒಂದು ಮಹಡಿ ಮೇಲಿನ ರಿಪೇರಿ ಅಂಗಡಿಗೆ ಒಯ್ದೆ. ತಳದ ಕವರ್ ಬಿಚ್ಚಿ, ಬ್ಯಾಟರಿ ಕಳಚಿ, ಎಂಟು ಕಾಲಿನ ಚಿಪ್‌ಗೆ ಬಟ್ಟೆ ಕ್ಲಿಪ್ಪಿನಂಥ ಒಂದು ಕ್ಲಿಪ್ ಕಚ್ಚಿಸಿದರು. ಅದರ ಇನ್ನೊಂದು ತುದಿಯಲ್ಲಿ ಸಿಎಚ್341ಎ ಅನ್ನುವ ಪ್ರೋಗ್ರಾಮರ್, ಕೆಲವೇ ನೂರು ರೂಪಾಯಿಯ ವಸ್ತು. ಅದರ ಕಪ್ಪು ಬೋರ್ಡ್ 3.3 ವೋಲ್ಟ್‌ನ ಚಿಪ್‌ಗೂ ಡೇಟಾ ತಂತಿಗಳಲ್ಲಿ 5 ವೋಲ್ಟ್ ಕಳಿಸುತ್ತೆ ಅನ್ನೋದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಅವರು ತಿದ್ದಿದ ಬೋರ್ಡ್ ಇಟ್ಟುಕೊಂಡಿದ್ದರು. ಕೆಲವು ಹೊಸ ಚಿಪ್‌ಗಳು 1.8 ವೋಲ್ಟ್‌ನವು, ಅದಕ್ಕೆ ಬೇರೆ ಅಡಾಪ್ಟರ್.

ಆ ಮಾದರಿಯಲ್ಲಿ ಪಾಸ್‌ವರ್ಡ್ ಅದೇ ಚಿಪ್‌ನಲ್ಲಿತ್ತು. ಅವರು ಒಳಗಿದ್ದದ್ದನ್ನು ಓದಿಟ್ಟುಕೊಂಡು, ಅದೇ ಮಾಡೆಲ್‌ನ ಬೇರೊಂದು ಯಂತ್ರದ ಡಂಪ್ ಅನ್ನು ತುಂಬಿಸಿದರು. ಬೀಗ ಹೋಯಿತು. ಉಬುಂಟು ಕೂತಿತು. ಹುಡುಗನಿಗೆ ಖುಷಿ. ಆದರೆ ಸೀರಿಯಲ್ ನಂಬರ್ ನೋಡಿದರೆ ಅದು ಅವನ ಯಂತ್ರದ್ದಲ್ಲ. ಆ ಚಿಪ್‌ನಲ್ಲಿ ಬಯೋಸ್ ಒಂದೇ ಇರಲ್ಲ. ಸೀರಿಯಲ್ ನಂಬರ್, ವಿಂಡೋಸ್ ಕೀ, ಕೆಲವು ಕಡೆ ನೆಟ್‌ವರ್ಕ್ ವಿಳಾಸ ಎಲ್ಲ ಇರುತ್ತೆ. ಅದನ್ನು ಹೇಳಿದಾಗ ಅಂಗಡಿಯವರು, ‘ಸಾರ್, ನೀವು ಲಾಕ್ ತೆಗೀರಿ ಅಂದ್ರಿ, ತೆಗೆದ್ವಿ’ ಅಂದರು. ಹಳೆಯ ಪ್ರತಿ ಓದಿಟ್ಟಿದ್ದರಿಂದ ಇನ್ನೊಂದು ಗಂಟೆ ಕೂತು ಆ ಭಾಗವನ್ನು ವಾಪಸ್ ಸೇರಿಸಿದೆವು.

ಎಸ್‌ಪಿ ರೋಡ್‌ನವರನ್ನು ದೂರೋಕೆ ಇದನ್ನು ಹೇಳುತ್ತಿಲ್ಲ. ತಯಾರಕರು ಮಾಡಬೇಕಾದ ಕೆಲಸವನ್ನು ಅವರು ಮಾಡಿದರು. ಆದರೆ ಆ ಡಂಪ್ ಎಲ್ಲಿಂದ ಬಂತು, ಅದರೊಳಗೆ ಇನ್ನೇನಿತ್ತು ಅಂತ ಅವರಿಗೂ ಗೊತ್ತಿಲ್ಲ. 2018ರಲ್ಲಿ ಈಸೆಟ್ ಸಂಸ್ಥೆ ಲೋಜಾಕ್ಸ್ ಅನ್ನುವ ದುಷ್ಟ ತಂತ್ರಾಂಶವನ್ನು ಪತ್ತೆ ಮಾಡಿತು. ಅದು ಫರ್ಮ್‌ವೇರ್‌ನಲ್ಲೇ ಮನೆ ಮಾಡಿಕೊಳ್ಳುತ್ತೆ, ಡಿಸ್ಕ್ ಬದಲಾಯಿಸಿದರೂ ಹೋಗಲ್ಲ. ಅಧಿಕೃತ ದಾರಿ ಮುಚ್ಚಿದರೆ ಜನ ರಿಪೇರಿ ಬಿಡುವುದಿಲ್ಲ, ಗೊತ್ತಿಲ್ಲದ ಕಡೆಯಿಂದ ಫೈಲ್ ತಂದು ತುಂಬಿಸಿಕೊಳ್ಳುತ್ತಾರೆ. ಭದ್ರತೆಗೆ ಅಂತ ಹಾಕಿದ ಬೀಗವೇ ಭದ್ರತೆ ಕೆಡಿಸಿದ ಹಾಗಾಯಿತು.

ಈಗ ಎದುರು ವಾದ. ಅದು ಹಗುರವಾದದ್ದಲ್ಲ. ಸುಲಭವಾಗಿ ತೆಗೆಯುವ ಬೀಗ ಬೀಗವೇ ಅಲ್ಲ, ಕದ್ದ ಲ್ಯಾಪ್‌ಟಾಪ್ ಮಾರೋಕೆ ಆಗಬಾರದು ಅಂದರೆ ಬೋರ್ಡೇ ನಿರುಪಯೋಗಿ ಆಗಬೇಕು, ಆಗಲೇ ಕಳ್ಳತನ ಕಮ್ಮಿಯಾಗೋದು ಅಂತ. ಈ ಮಾತಿನಲ್ಲಿ ನಿಜ ಇದೆ. ಮೆಜೆಸ್ಟಿಕ್‌ನಲ್ಲಿ ಬ್ಯಾಗ್ ಕಳೆದುಕೊಂಡ ಯಾರನ್ನಾದರೂ ಕೇಳಿ.

ಆದರೆ ಇಲ್ಲಿ ಎರಡು ಬೀಗಗಳನ್ನು ಒಂದೇ ಅಂತ ಕಲಸಿಬಿಟ್ಟಿದ್ದಾರೆ. ಒಂದು ಡೇಟಾದ ಬೀಗ. ಅದು ಗಟ್ಟಿ ಇರಲೇಬೇಕು, ಬಿಟ್‌ಲಾಕರ್‌ನಂಥ ಎನ್‌ಕ್ರಿಪ್ಷನ್ ಇರೋದು ಅದಕ್ಕೇ. ಕೀ ಕಳೆದರೆ ಡೇಟಾ ಹೋಯಿತು, ಅದು ನ್ಯಾಯ. ಇನ್ನೊಂದು ಯಂತ್ರದ ಬೀಗ. ಡೇಟಾ ಕೀಗಳನ್ನೆಲ್ಲ ಅಳಿಸಿ, ಯಂತ್ರವನ್ನು ಖಾಲಿ ಮಾಡಿ ತೆರೆಯುವ ದಾರಿ ಇಟ್ಟರೆ ಯಾರ ಗುಟ್ಟೂ ಬಯಲಾಗಲ್ಲ. ಕಳ್ಳತನದ ಭಯ ಇದ್ದರೆ ಆ ದಾರಿಗೆ ಮಾಲೀಕತ್ವದ ಪರಿಶೀಲನೆ ಇಡಿ. ಡೆಲ್ ಬಹಳ ಮಾಡೆಲ್‌ಗಳಿಗೆ ಮಾಲೀಕರು ಯಾರು ಅಂತ ಪರಿಶೀಲಿಸಿ ಬಿಡುಗಡೆ ಕೋಡ್ ಕೊಟ್ಟಿದೆ. ಎಚ್‌ಪಿಯ ಶ್ಯೂರ್ ಅಡ್ಮಿನ್‌ನಲ್ಲಿ ಪಾಸ್‌ವರ್ಡಿನ ಬದಲು ಡಿಜಿಟಲ್ ಸರ್ಟಿಫಿಕೇಟ್. ಸ್ಕ್ರೀನ್ ಮೇಲಿನ ಕ್ಯೂಆರ್ ಕೋಡನ್ನು ಫೋನ್‌ನಲ್ಲಿ ಸ್ಕ್ಯಾನ್ ಮಾಡಿ ಒಂದು ಸಲಕ್ಕೆ ಆಗುವ ಪಿನ್ ಪಡೆಯಬಹುದು. ತಂತ್ರಜ್ಞಾನ ಇದೆ. ಇಲ್ಲದಿರುವುದು ಎರಡನೇ ಮಾಲೀಕನ ಕಲ್ಪನೆ.

ನಾನು ಹೊಗಳಿದ ಕ್ರೋಮ್‌ಬುಕ್ ಕೂಡ ಇಲ್ಲಿ ಫೇಲ್ ಆಗುತ್ತೆ. ಶಾಲೆಯೋ ಕಂಪನಿಯೋ ತನ್ನ ಖಾತೆಗೆ ಸೇರಿಸಿದ ಕ್ರೋಮ್‌ಬುಕ್ಕನ್ನು ಬಿಡುಗಡೆ ಮಾಡದೆ ಮಾರಿದರೆ, ಪೂರ್ತಿ ಅಳಿಸಿದರೂ ಅದು ಮತ್ತೆ ಹಳೆಯ ಯಜಮಾನನ ಹೆಸರೇ ಹೇಳುತ್ತೆ. ಅಪ್‌ಡೇಟ್ ಕೆಟ್ಟರೆ ಎತ್ತುವ ಕೊಕ್ಕೆ ಇಟ್ಟವರೇ ಕೈ ಬದಲಾದರೆ ಏನು ಅಂತ ಯೋಚಿಸಿಲ್ಲ.

ಇಂಟೆಲ್‌ನ ಬೂಟ್ ಗಾರ್ಡ್ ಈ ಮನೋಭಾವದ ತುದಿ. 2013ರ ಹ್ಯಾಸ್‌ವೆಲ್ ತಲೆಮಾರಿನಿಂದ ಬಂದದ್ದು. ತಯಾರಕರ ಕೀಯ ಗುರುತನ್ನು ಚಿಪ್‌ಸೆಟ್ಟಿನ ಫ್ಯೂಸ್‌ಗಳಲ್ಲಿ ಸುಟ್ಟು ಬರೆದರೆ, ಅವರ ಸಹಿ ಇಲ್ಲದ ಫರ್ಮ್‌ವೇರ್ ಓಡುವುದಿಲ್ಲ. ಸುಟ್ಟದ್ದನ್ನು ಬದಲಾಯಿಸೋಕಾಗಲ್ಲ. ದಾಳಿ ತಡೆಯೋಕೆ ಒಳ್ಳೆಯದೇ. ಆದರೆ 2023ರಲ್ಲಿ ಎಂಎಸ್ಐ ಕಂಪನಿಯಿಂದ ಕದ್ದ ಕಡತಗಳಲ್ಲಿ ಬೂಟ್ ಗಾರ್ಡ್‌ನ ಖಾಸಗಿ ಕೀಗಳೇ ಹೊರಬಿದ್ದವು. ಆಗ ಏನು ಮಾಡೋದು? ಫ್ಯೂಸ್ ಬದಲಾಯಿಸೋಕೆ ಆಗಲ್ಲವಲ್ಲ. ವಾಪಸ್ ಬರುವ ದಾರಿ ಇಡದೆ ಕಟ್ಟಿದ ಕೋಟೆ, ಒಳಗಿನವರಿಗೂ ಬಂಧನವೇ.

ನಮ್ಮ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ಆರಂಭಿಸಿತು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ರಿಫರ್ಬಿಷರ್ ಅನ್ನುವವರನ್ನು ನೋಂದಣಿ ಮಾಡಿಸಿಕೊಳ್ಳಿ ಅನ್ನುತ್ತವೆ. ಅಂದರೆ ಹಳೆ ಲ್ಯಾಪ್‌ಟಾಪನ್ನು ಸರಿಮಾಡಿ ಮತ್ತೆ ಮಾರುವುದು ಕಾನೂನಿನ ಪ್ರಕಾರ ಗೌರವದ ಕೆಲಸ. ಆದರೆ ರಿಪೇರಿ ಅಂದ ಕೂಡಲೇ ನಮ್ಮ ಮಾತೆಲ್ಲ ಸ್ಕ್ರೂ, ಬ್ಯಾಟರಿ, ಡಿಸ್‌ಪ್ಲೇ, ಬಿಡಿಭಾಗದ ರೇಟು ಇಷ್ಟರಲ್ಲೇ ನಿಲ್ಲುತ್ತೆ. ತೊಗರಿಕಾಳಿನಷ್ಟು ಚಿಪ್‌ನ ಒಳಗಿನ ಬಾಗಿಲಿನ ಬಗ್ಗೆಯೂ ಕೇಳಬೇಕು. ವಾರಂಟಿ ಮುಗಿದ ಮೇಲೂ ಚೇತರಿಕೆಯ ಫೈಲ್ ಕೊಡಿ. ಅದಕ್ಕೆ ಬೇಕಾದ ಕೀಗಳನ್ನು ಯಂತ್ರದ ತಳದಲ್ಲೇ ಮುದ್ರಿಸಿ. ನೋಂದಾಯಿತ ರಿಫರ್ಬಿಷರ್‌ಗೆ ಪಾಸ್‌ವರ್ಡ್ ಬಿಡುಗಡೆ ಮಾಡುವ ಅಧಿಕೃತ ದಾರಿ ಕೊಡಿ. ಇಷ್ಟನ್ನು ಹೊಸ ಲ್ಯಾಪ್‌ಟಾಪಿನ ರಿವ್ಯೂನಲ್ಲಿ ಒಂದು ಸಾಲಾಗಿ ಬರೆಯೋಕೆ ಶುರುಮಾಡಿದರೂ ಸಾಕು, ಮಾರ್ಕೆಟಿಂಗ್‌ನವರು ಇಂಜಿನಿಯರ್‌ಗಳನ್ನು ಕೇಳೋಕೆ ಶುರುಮಾಡುತ್ತಾರೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಒಂದಿದೆ. ಮುಂದಿನ ಸಲ ಆಫೀಸಿನಲ್ಲಿ ಲ್ಯಾಪ್‌ಟಾಪ್ ರಿಫ್ರೆಶ್ ಬಂದಾಗ, ಅಥವಾ ಕೆಲಸ ಬಿಡುವ ದಿನ ಯಂತ್ರ ವಾಪಸ್ ಕೊಡುವಾಗ, ಐಟಿ ಡೆಸ್ಕಿನವರನ್ನು ಒಂದು ಮಾತು ಕೇಳಿ: ಮಾರುವ ಮುಂಚೆ ಬಯೋಸ್ ಪಾಸ್‌ವರ್ಡ್ ತೆಗೀತೀರಾ, ಮ್ಯಾನೇಜ್‌ಮೆಂಟ್ ಖಾತೆಯಿಂದ ಬಿಡಿಸ್ತೀರಾ ಅಂತ. ಆ ಪಾಸ್‌ವರ್ಡ್ ಅವರ ಹತ್ತಿರ ಇರುವುದು ಅಂದು ಮಾತ್ರ. ಲಾರಿ ಗೇಟ್ ದಾಟಿದ ಮೇಲೆ ಅದು ಯಾರ ಹತ್ತಿರವೂ ಇರುವುದಿಲ್ಲ.